ಹಮ್ರಿಯಾದ ಲಿಂಡಾ

ಮಸ್ಕತ್ತಿನ ಹಮ್ರಿಯಾ ಬಡಾವಣೆಯ ಆ ಫ್ಲಾಟಿನಲ್ಲಿ ಹಿಮವನ್ನು ಕಣ್ಣಾರೆ ಕಂಡವಳು ಹಿಬಾ ಒಬ್ಬಳೇ. ಕಂಡದ್ದಾದರೂ ಎಲ್ಲಿ? ಹಿಮಾಲಯದಲ್ಲಲ್ಲ, ಅದೇ ಊರಿನ ಹೊರವಲಯದ ಒಂದು ಮಾಲಿನೊಳಗೆ. ಹೊರಗೆ ಡಾಂಬರು ಮೆತ್ತಗಾಗುವಂಥ ಬಿಸಿಲು, ಒಳಗೆ ಗಾಜಿನ ಗೋಡೆಯಾಚೆ ಯಂತ್ರ ಉದುರಿಸಿದ ಹಿಮದ ಇಳಿಜಾರು. ದುಡ್ಡು ಕೊಟ್ಟು ಟಿಕೆಟು ತೆಗೆದವರು ಕಾಲಿಗೆ ಸ್ಕೀ ಪಟ್ಟಿ ಕಟ್ಟಿಕೊಂಡು ಅದರ ಮೇಲೆ ಜಾರುತ್ತಿದ್ದರು, ಬೀಳುತ್ತಿದ್ದರು, ಬಿದ್ದದ್ದನ್ನು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಿಬಾ ಇದ್ದದ್ದು ಬೂಟಿನ ಕೌಂಟರಿನಲ್ಲಿ. ಬಂದವರ ಕಾಲಿನ ಅಳತೆ ಕೇಳುವುದು, ಕಲ್ಲಿನಷ್ಟು ಭಾರದ ಬೂಟು ಎತ್ತಿಕೊಡುವುದು, ವಾಪಸು ಬಂದ ಬೂಟಿನೊಳಗೆ ವಾಸನೆ ಹೋಗಲೆಂದು ಔಷಧಿ ಹೊಡೆಯುವುದು, ಇಷ್ಟು ಅವಳ ಕೆಲಸ.

ಅವಳಿಗೆ ಬೇಕಾಗಿದ್ದದ್ದು ಕೆಂಪು ಜಾಕೆಟ್ಟು. ಹಿಮದ ಮೇಲೆ ಪಾಠ ಹೇಳುವ ತರಬೇತುದಾರರು ಮಾತ್ರ ಹಾಕುವ ಜಾಕೆಟ್ಟು ಅದು. ಮಾಲಿನ ಬಾಗಿಲು ತೆರೆಯುವ ಮೊದಲು ಸಿಬ್ಬಂದಿಗೆ ಇಳಿಜಾರಿನಲ್ಲಿ ಜಾರಲು ಬಿಡುತ್ತಿದ್ದರು. ಉಳಿದವರು ಆ ಹೊತ್ತಿನಲ್ಲಿ ಚಹಾ ಕುಡಿದು ಹರಟೆ ಹೊಡೆದರೆ ಹಿಬಾ ಬಿದ್ದು, ಎದ್ದು, ಮೊಣಕಾಲು ನೀಲಿ ಮಾಡಿಕೊಂಡು ಜಾರುವುದನ್ನು ಕಲಿತಳು. ಚೆನ್ನಾಗಿಯೇ ಕಲಿತಳು. ಆದರೆ ಕೆಂಪು ಜಾಕೆಟ್ಟು ಸಿಗಬೇಕಾದರೆ ತಾನು ಜಾರಿದರೆ ಸಾಲದು, ಮೊದಲ ಹಂತದ ತರಬೇತುದಾರರ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಯುರೋಪಿನಿಂದ ಕ್ರಿಸ್ಟಾ ಎಂಬ ಪರೀಕ್ಷಕಿ ಬರುತ್ತಾಳೆ, ಬಂದರೆ ವರ್ಷಕ್ಕೊಮ್ಮೆ. ಅವಳ ಮುಂದೆ, ಹಿಮವನ್ನೇ ಮೆಟ್ಟದ ಒಬ್ಬರಿಗೆ ಮೊದಲ ಪಾಠ ಹೇಳಿ ತೋರಿಸಬೇಕು. ಹಿಬಾ ಹೆದರಿದ್ದದ್ದು ಆ ಪಾಠಕ್ಕೆ.

ಪಾಠ ಹೇಳಿ ಅಭ್ಯಾಸ ಮಾಡಲಿಕ್ಕೆ ಒಬ್ಬ ವಿದ್ಯಾರ್ಥಿ ಬೇಕಲ್ಲ. ಮನೆಯಲ್ಲಿ ಇದ್ದದ್ದು ತಾಯಿ, ಉಮ್ಮ ಝೊಹರಾ. ತಂದೆ, ಉಪ್ಪ ಮಮ್ಮದ್ ಅವರದು ಮತ್ರಾದ ಹಳೇ ಪೇಟೆ ಸೂಕಿನಲ್ಲಿ ಬಟ್ಟೆಯಂಗಡಿ. ಬಟ್ಟೆಯ ಥಾನು ಸುತ್ತಿ ಬರುವ ಉದ್ದನೆಯ ರಟ್ಟುಗಳನ್ನು ಅವರು ಎಸೆಯದೆ ಮನೆಗೆ ತಂದು ಮಂಚದಡಿ ತುಂಬಿಸಿಟ್ಟಿದ್ದರು, ಯಾವುದಕ್ಕಾದರೂ ಆದೀತೆಂದು. ಆದದ್ದು ಇದಕ್ಕೆ. ಎರಡು ರಟ್ಟುಗಳನ್ನು ಉಮ್ಮನ ಕಾಲಿಗೆ ದುಪಟ್ಟಾದಿಂದ ಕಟ್ಟಿ, ಕೈಗೆ ನೆಲ ಒರೆಸುವ ಕೋಲು ಕೊಟ್ಟು, ಹಾಲಿನ ಟೈಲ್ಸಿನ ಮೇಲೆ ನಿಲ್ಲಿಸಿ ಹಿಬಾ ಪಾಠ ಶುರುಮಾಡಿದಳು.

"ಮೊಣಕಾಲು ಸ್ವಲ್ಪ ಮಡಚಿ, ಉಮ್ಮ. ಮೈ ಮುಂದೆ ಬರ್ಲಿ. ಹಿಂದೆ ವಾಲಿದ್ರೆ ಬೀಳ್ತೀರಿ."

"ಬಿದ್ರೆ ನಿನ್ನ ಉಪ್ಪನಿಗೆ ಎಂತ ಹೇಳುದು? ಈ ಪ್ರಾಯದಲ್ಲಿ ಜಾರಿ ಬಿದ್ಲು ಅಂತವಾ?"

"ಬೀಳುದು ಹೇಗೆ ಅಂತಲೂ ಪಾಠ ಉಂಟು. ನಾಳೆ ಅದು."

ಸ್ಕೀ ನಿಲ್ಲಿಸಬೇಕಾದರೆ ಎರಡು ಪಟ್ಟಿಗಳ ಮುಂತುದಿಯನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಬೇಕು. ಮುಕ್ಕೋನವಾಗುತ್ತದೆ, ಹಿಮ ಉಜ್ಜಿ ವೇಗ ಇಳಿಯುತ್ತದೆ. ಮಕ್ಕಳಿಗೆ ಹೇಳುವಾಗ ಎಲ್ಲ ಕಡೆಯೂ ಇದಕ್ಕೆ 'ಪಿಜ್ಜಾ' ಎನ್ನುವ ರೂಢಿ. ಉಮ್ಮ ಆ ಮಾತನ್ನು ಒಪ್ಪಲಿಲ್ಲ. ಪಿಜ್ಜಾ ದುಂಡಗೆ ಅಲ್ವಾ, ಸಮೋಸ ಅಂತ ಹೇಳು, ಆಗ ನಂಗೆ ತಲೆಗೆ ಹೋಗ್ತದೆ, ಎಂದಳು. ಅಂದಿನಿಂದ ಆ ಮನೆಯಲ್ಲಿ ಬ್ರೇಕಿಗೆ ಸಮೋಸವೆಂದು ಹೆಸರಾಯಿತು.

ತೊಡಕು ಬಂದದ್ದು ಇನ್ನೊಂದು ಕಡೆ. ಪಾಠದ ಮೊದಲ ನಿಯಮ, ಕಲಿಯುವವರ ಹೆಸರು ಕೇಳುವುದು. ಕೇಳಿ ಸುಮ್ಮನಾಗುವ ಹಾಗಿಲ್ಲ. ಉದ್ದಕ್ಕೂ ಆ ಹೆಸರು ಹಿಡಿದೇ ಕರೆಯಬೇಕು. ಜಾರುವಾಗ ಹೆದರಿದವರ ಕಿವಿಗೆ ಬೇರೇನೂ ಹೋಗದಿದ್ದರೂ ತಮ್ಮ ಹೆಸರು ಹೋಗುತ್ತದೆ ಎಂದು ಕ್ರಿಸ್ಟಾ ಕಳೆದ ವರ್ಷ ಬಂದಾಗಲೇ ಎಲ್ಲರಿಗೂ ಹೇಳಿದ್ದಳು. ಹೆತ್ತ ತಾಯಿಯನ್ನು ಹೆಸರು ಹಿಡಿದು ಕರೆಯುವುದು ಹೇಗೆ? ಬ್ಯಾರಿಗಳ ಮನೆಯಲ್ಲಿ ಅದು ಬಾಯಿಗೇ ಬರುವ ಮಾತಲ್ಲ. ಝೊಹರಾ ತಾನೇ ಮದುವೆಯಾದಂದಿನಿಂದ ಗಂಡನ ಹೆಸರೆತ್ತಿದವಳಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದರೆ ಮಗಳನ್ನು ಮೊಣಕೈಯಲ್ಲಿ ತಿವಿದು ಅವಳಿಂದ ಹೇಳಿಸುವಷ್ಟು ಕಟ್ಟುನಿಟ್ಟು.

ಆದರೂ ಮಗಳ ಪರೀಕ್ಷೆಯಲ್ಲವೇ ಎಂದು ಉಮ್ಮ ದೊಡ್ಡ ಮನಸ್ಸು ಮಾಡಿದಳು. "ಪಾಠಕ್ಕಲ್ವಾ, ಕರಿ. ಝೊಹರಾ ಅಂತ ಹೇಳು, ಪರವಾಗಿಲ್ಲ."

ಹಿಬಾ ಬಾಯಿ ತೆರೆದಳು, ಮುಚ್ಚಿದಳು, ನಕ್ಕಳು, ನಾಲಗೆ ಕಚ್ಚಿಕೊಂಡಳು. "ಆಗುದಿಲ್ಲ ಉಮ್ಮ. ನಾಲಗೆ ತಿರುಗುದೇ ಇಲ್ಲ."

"ಹಾಗಾದ್ರೆ ಬೇರೆ ಹೆಸರು ಇಡು. ಮೇಲಿನ ಫ್ಲಾಟಿನಲ್ಲಿ ಒಬ್ಳು ನರ್ಸ್ ಇದ್ದಳಲ್ಲ, ಲಿಂಡಾ. ಲಿಂಡಾ ಅಂತ ಕರಿ. ಚಂದ ಉಂಟು."

ಹೀಗೆ ಝೊಹರಾ ಸಂಜೆಗಳಲ್ಲಿ ಲಿಂಡಾ ಆದಳು. ಅಸರ್ ನಮಾಝ್ ಮುಗಿಸಿ, ರಟ್ಟು ಕಟ್ಟಿಕೊಂಡು, ಕೋಲು ಊರಿ ನಿಂತುಕೊಂಡು, "ಲಿಂಡಾ ರೆಡಿ" ಎಂದು ಮಗಳನ್ನು ಕೂಗುವಳು. ವೆಲ್ ಡನ್ ಲಿಂಡಾ, ಮುಂದೆ ನೋಡಿ ಲಿಂಡಾ, ಸಮೋಸ ಲಿಂಡಾ ಎಂದು ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರೆ ತಾಯಿ ಶಿಸ್ತಾಗಿ ಮಾಡುತ್ತಾ ಹೋಗುವಳು. ಅಂಗಡಿಯಿಂದ ಬಂದ ಉಪ್ಪ ಬಾಗಿಲಲ್ಲೇ ನಿಂತು, "ಲಿಂಡಾ ಮೇಡಂ, ಊಟ ಸಿಗ್ತದಾ?" ಎಂದು ಕೇಳಿ ನಗುವರು. ಆ ಮನೆಯಲ್ಲಿ ಅಷ್ಟು ನಗು ಕೇಳದೆ ಬಹಳ ಕಾಲವಾಗಿತ್ತು.

ಇಷ್ಟೆಲ್ಲ ಮಾಡಿಸಿಕೊಂಡ ಹಿಬಾ, ತಾನು ಕೆಲಸ ಮಾಡುವ ಜಾಗಕ್ಕೆ ಉಮ್ಮನನ್ನು ಒಂದು ದಿನವಾದರೂ ಕರೆದುಕೊಂಡು ಹೋಗಿದ್ದಳೇ ಎಂದರೆ, ಇಲ್ಲ. ಉಮ್ಮ ಕೇಳದೆ ಇರಲಿಲ್ಲ. ಗಾಜಿನಾಚೆ ನಿಂತು ನೋಡಿ ಬರ್ತೇನೆ, ಒಳಗೆ ಬರುದಿಲ್ಲ, ಎಂದಿದ್ದಳು. ಚಳಿಗೆ ನಿಮಗೆ ಮೊಣಕಾಲು ಹಿಡೀತದೆ ಎಂದು ಹಿಬಾ ತಪ್ಪಿಸಿದ್ದಳು. ಮೊಣಕಾಲಿನ ಮೇಲೆ ಅಷ್ಟು ಕಾಳಜಿ ಇದ್ದಿದ್ದರೆ ಟೈಲ್ಸಿನ ಮೇಲೆ ರಟ್ಟು ಕಟ್ಟಿ ನಿಲ್ಲಿಸುತ್ತಿರಲಿಲ್ಲ. ನಿಜ ಬೇರೆ ಇತ್ತು. ಮಾಲಿನಲ್ಲಿ ಹಿಬಾ ಬೇರೆಯೇ ಹುಡುಗಿ. ಅಲ್ಲಿ ಅವಳ ಇಂಗ್ಲಿಷಿಗೆ ಹಮ್ರಿಯಾದ ವಾಸನೆ ಇರಲಿಲ್ಲ. ಜೊತೆಗೆ ಪರೀಕ್ಷೆಗೆ ಕೂರುವವರಲ್ಲಿ ಒಬ್ಬಳು ಲೆಬನಾನಿನ ಹುಡುಗಿ. ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ತಮ್ಮ ದೇಶದ ಬೆಟ್ಟದಲ್ಲಿ ಜಾರಿದವಳು, ಅದನ್ನು ಮಾತು ಮಾತಿಗೂ ಹೇಳುವವಳು. ನಿನ್ನ ಅಮ್ಮ ಏನು ಮಾಡ್ತಾರೆ ಎಂದು ಅವಳು ಕೇಳಿದಾಗ, ಹಿಬಾ "ಕೇಟರಿಂಗ್ ಬಿಸಿನೆಸ್" ಎಂದಿದ್ದಳು. ಉಮ್ಮ ಊರಿನವರ ಮನೆಯ ಸಮಾರಂಭಕ್ಕೆ ಅಕ್ಕಿಹಿಟ್ಟಿನ ಪತ್ತಿರಿ ತಟ್ಟಿ ಕೊಡುತ್ತಿದ್ದದ್ದು ಹೌದು. ಅದನ್ನು ಬಿಸಿನೆಸ್ ಎಂದು ಕೇಳಿದ್ದರೆ ಉಮ್ಮನೇ ನಕ್ಕುಬಿಡುತ್ತಿದ್ದಳು.

ಪರೀಕ್ಷೆಯ ದಿನ ಹಿಬಾ ಬೆಳಿಗ್ಗೆ ಗಂಟಲಲ್ಲಿ ಏನೂ ಇಳಿಯದೆ ಹಸಿದ ಹೊಟ್ಟೆಯಲ್ಲೇ ಹೊರಟುಬಂದಳು. ಜಾರುವ ಭಾಗ ಸಲೀಸಾಗಿ ಮುಗಿಯಿತು. ಕ್ರಿಸ್ಟಾ ತಲೆಯಾಡಿಸಿದಳು. ಆಮೇಲೆ ಪಾಠದ ಸರದಿ. ಪರೀಕ್ಷೆಗೆ ಕೂತವರು ಮೂವರು: ಲೆಬನಾನಿನ ಹುಡುಗಿ, ನೇಪಾಳದ ಒಬ್ಬ ಯುವಕ, ಹಿಬಾ. ಒಬ್ಬೊಬ್ಬರಿಗೆ ಒಬ್ಬೊಬ್ಬ ಹೊಸ ಕಲಿಕೆಯವರನ್ನು ಮಾಲಿನವರೇ ಗೊತ್ತುಮಾಡಿದ್ದರು. ಮೊದಲಿಬ್ಬರ ಪಾಠ ಆಯಿತು. ಹಿಬಾಳಿಗೆ ಬರಬೇಕಾದವರು ಬರಲೇ ಇಲ್ಲ. ಇಳಿಜಾರಿನ ಮೇಲ್ವಿಚಾರಕ, ಹೈದರಾಬಾದಿನ ಫಾಹಿಮ್, ಫೋನು ಮಾಡಿ ಮಾಡಿ ಸೋತ. ಮೇಲೆ ಗಾಜಿನ ಬಳಿ ಬೆಂಚಿನಲ್ಲಿ ಕೂತವರಲ್ಲಿ ಯಾರನ್ನಾದರೂ ಕರೆದುಕೊಂಡು ಬಾ, ಸ್ಕೀ ಗೊತ್ತಿಲ್ಲದವರಾದರೆ ಸಾಕು ಎಂದು ಕ್ರಿಸ್ಟಾ ಅವನನ್ನು ಕಳಿಸಿದಳು.

ಸ್ವಲ್ಪ ಹೊತ್ತಿನಲ್ಲಿ ಫಾಹಿಮ್ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ಬಾಡಿಗೆಯ ನೀಲಿ ಚಳಿಯಂಗಿ, ನೀಲಿ ಚಳಿಪ್ಯಾಂಟು. ಕಪ್ಪು ಬುರ್ಖಾವನ್ನು ಪ್ಯಾಂಟಿನೊಳಗೆ ತುರುಕಿದ್ದರಿಂದ ಸೊಂಟದ ಸುತ್ತ ಹಾಸಿಗೆ ಸುತ್ತಿದ ಹಾಗೆ ಉಬ್ಬಿಕೊಂಡಿತ್ತು. ತಲೆವಸ್ತ್ರದ ಮೇಲೆ ಹೆಲ್ಮೆಟ್ಟು. ಗಟ್ಟಿ ಬೂಟಿನಲ್ಲಿ ಕಾಲು ಮಡಚಲಾಗದೆ ತಟ್ಟಾಡುತ್ತಾ, ಎರಡೂ ಕೈ ಅಗಲಿಸಿಕೊಂಡು ಬರುತ್ತಿದ್ದಳು. ಮುಖದಲ್ಲಿ ಮಾತ್ರ ಹಬ್ಬದ ಕಳೆ.

ಮಗಳು ಖಾಲಿ ಹೊಟ್ಟೆಯಲ್ಲಿ ಹೋದಳಲ್ಲ ಎಂದು ಉಮ್ಮನಿಗೆ ತಡೆಯಲಾಗಿರಲಿಲ್ಲ. ಪತ್ತಿರಿ, ಕೋಳಿ ಸಾರು ಕಟ್ಟಿಕೊಂಡು, ಸೀಬ್ ಪಟ್ಟಣಕ್ಕೆ ಹೊರಟಿದ್ದ ಉಪ್ಪನ ಕಾರು ಹತ್ತಿ ಬಂದು ಮಾಲಿನಲ್ಲಿ ಇಳಿದುಕೊಂಡಿದ್ದಳು. ಗಾಜಿನ ಬಳಿ ಕೂತು ಬುತ್ತಿ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದವಳನ್ನು ಫಾಹಿಮ್ ಎಬ್ಬಿಸಿ ತಂದಿದ್ದ.

ಹಿಬಾ ನೋಡಿದ ಕೂಡಲೇ ಗುರುತು ಹಿಡಿದಳು. ಅದರಲ್ಲಿ ಅನುಮಾನವಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಲೆಬನಾನಿನ ಹುಡುಗಿ ಅವಳ ಕಿವಿಯ ಹತ್ತಿರ ಬಗ್ಗಿ, "ಅಯ್ಯೋ ಪಾಪ ಹಿಬಾ, ನಿನಗೆ ಸಿಕ್ಕಿದ್ದನ್ನು ನೋಡು. ನಿಂತುಕೊಳ್ಳೋದಕ್ಕೇ ಬರಲ್ಲ ಅದಕ್ಕೆ," ಎಂದಳು.

ಹಿಬಾ ನಕ್ಕಳು.

ಗುರುತು ಹಿಡಿದ ಮೇಲೆ ನಕ್ಕಳು. ಇದನ್ನು ತಿರುಚಿ ಹೇಳಲು ಬರುವುದಿಲ್ಲ. ಜೋರಾಗಿ ಅಲ್ಲ, ಮೂಗಿನಲ್ಲೇ, ಸಣ್ಣಗೆ. ಆದರೆ ನಕ್ಕಾದ ಮೇಲೆ 'ಇವರು ನನ್ನ ಉಮ್ಮ' ಎನ್ನಲು ಹೇಗೆ ಬಂದೀತು? ಆಗ ಅವಳ ಮನಸ್ಸು ಎಲ್ಲಿಂದಲೋ ಒಂದು ನಿಯಮವನ್ನು ಎಳೆದು ತಂದಿತು. ಪರೀಕ್ಷೆಯಲ್ಲಿ ಸಂಬಂಧಿಕರು ಇರಬಾರದು, ಇದ್ದರೆ ಪರೀಕ್ಷೆ ರದ್ದಾಗುತ್ತದೆ, ಇನ್ನು ಒಂದು ವರ್ಷ ಬೂಟಿಗೆ ಔಷಧಿ ಹೊಡೆಯಬೇಕಾಗುತ್ತದೆ. ಇಂಡಿಯನ್ ಸ್ಕೂಲಿನ ಬೋರ್ಡ್ ಪರೀಕ್ಷೆಗಳನ್ನು ಬರೆದು ಬಂದ ಹುಡುಗಿ. ಮಗಳು ಪರೀಕ್ಷೆ ಬರೆಯುವ ಕೋಣೆಯ ಕಾವಲಿಗೆ ತಾಯಿಯಾದ ಟೀಚರನ್ನು ಹಾಕುವುದಿಲ್ಲ ಎಂಬುದು ಅವಳಿಗೆ ಬಾಯಿಪಾಠ. ಹಿಮದ ಮೇಲೂ ಅದೇ ಕಾನೂನು ಇರಲೇಬೇಕೆಂದು ಅವಳು ತೀರ್ಮಾನಿಸಿಬಿಟ್ಟಳು. ಇಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಉಮ್ಮ ಎದುರಿಗೆ ಬಂದು ನಿಂತಳು. ಬಾಯಿ ತೆರೆದು ಏನೋ ಹೇಳುವುದರಲ್ಲಿದ್ದಳು. ಹಿಬಾ ಅದಕ್ಕಿಂತ ಮೊದಲೇ ಕೈ ಚಾಚಿ, ಕೌಂಟರಿನಲ್ಲಿ ಕಲಿತ ನಗು ನಕ್ಕು, ಇಂಗ್ಲಿಷಿನಲ್ಲಿ ಕೇಳಿದಳು. "ನಮಸ್ಕಾರ ಮೇಡಂ, ನಾನು ಹಿಬಾ. ನಿಮ್ಮ ಹೆಸರು ತಿಳಿಸುತ್ತೀರಾ?"

ಉಮ್ಮನ ಬಾಯಿ ತೆರೆದದ್ದು ತೆರೆದ ಹಾಗೆಯೇ ನಿಂತಿತು. ಅವಳ ಕಣ್ಣು ಮಗಳ ಮುಖದ ಮೇಲಿಂದ ಲೆಬನಾನಿನ ಹುಡುಗಿಯ ಕಡೆಗೆ, ಅಲ್ಲಿಂದ ಕ್ರಿಸ್ಟಾಳ ಕಡೆಗೆ, ಮತ್ತೆ ಮಗಳ ಕಡೆಗೆ ಹೋಗಿಬಂತು. ಚಾಚಿದ ಕೈಯನ್ನು ಅವಳು ಹಿಡಿದುಕೊಂಡಳು.

"ಲಿಂಡಾ," ಎಂದಳು.

ಹಿಂದೆ ಯಾರೋ ಕಿಸಕ್ಕೆಂದರು. ಬುರ್ಖಾ ತುರುಕಿಕೊಂಡ ಲಿಂಡಾಳನ್ನು ಅವರು ಎಲ್ಲಿ ಕಂಡಿದ್ದಾರು? ಹಿಬಾಳ ಕಿವಿ ಬಿಸಿಯಾಯಿತು. ಆದರೂ ಅವಳಿಗೆ ಆ ಕ್ಷಣ ಮೊದಲು ಅನಿಸಿದ್ದು ನಾಚಿಕೆಯಲ್ಲ, ಸಮಾಧಾನ. ಸದ್ಯ, ಉಮ್ಮ ಸೂಕ್ಷ್ಮ ಹಿಡಿದಳಲ್ಲ ಎಂಬ ಸಮಾಧಾನ. ಆ ಸಮಾಧಾನ ನೆನಪಾದಾಗೆಲ್ಲ ಅವಳಿಗೆ ಈಗಲೂ ತಲೆ ತಗ್ಗಿಹೋಗುತ್ತದೆ.

ಪಾಠ ನಡೆಯಿತು. ಎಂಥ ಪಾಠ ಅದು! ಹಿಬಾ ಹೇಳುವುದು, ಲಿಂಡಾ ಮಾಡುವುದು. ಮೊಣಕಾಲು ಮಡಚಿ ಅಂದರೆ ಮಡಚಿದಳು, ಮುಂದೆ ನೋಡಿ ಅಂದರೆ ನೋಡಿದಳು. ಬೇಕೆಂದೇ ಒಮ್ಮೆ ತಪ್ಪು ಮಾಡಿ ತಿದ್ದಿಸಿಕೊಂಡಳು, ಎಲ್ಲ ಸರಿಯಾಗಿ ಮಾಡಿದರೆ ಪರೀಕ್ಷಕಿಗೆ ಸಂಶಯ ಬಂದೀತೆಂಬ ಹಾಗೆ. ಹಿಬಾ ಅದನ್ನು ಗಮನಿಸಿದಳು. ಬಿದ್ದು ಏಳುವ ಪಾಠದಲ್ಲಿ ಉಮ್ಮ ಹಿಮದ ಮೇಲೆ ಮಗ್ಗುಲಾಗಿ ಬಿದ್ದಾಗ ಬುರ್ಖಾದ ಅಂಚು ಪ್ಯಾಂಟಿನಿಂದ ಹೊರಬಂದು ಒದ್ದೆಯಾಯಿತು. ಮನೆಯಲ್ಲಾಗಿದ್ದರೆ ಹಿಬಾ ಬಗ್ಗಿ ಸರಿಮಾಡುತ್ತಿದ್ದಳು. ಇಲ್ಲಿ, "ಚೆನ್ನಾಗಿ ಎದ್ದಿರಿ ಲಿಂಡಾ," ಎಂದು ಎರಡು ಹೆಜ್ಜೆ ದೂರದಲ್ಲೇ ನಿಂತಳು. ಉಮ್ಮ ಬಿಡಿಸಿಕೊಂಡ ಅಂಚನ್ನು ತಾನೇ ಮತ್ತೆ ಒಳಗೆ ತುರುಕಿದಳು.

ಕೊನೆಗೆ ಸಣ್ಣ ಇಳಿಜಾರಿನಲ್ಲಿ ತಾನಾಗಿಯೇ ಜಾರಿ ನಿಲ್ಲುವುದು. ಹಿಬಾ ಕೆಳಗೆ ನಿಂತು ಕೈಬೀಸಿ ಕರೆದಳು. ಉಮ್ಮ ಹೊರಟಳು. ಟೈಲ್ಸಿನ ಮೇಲೆ ರಟ್ಟು ಜಾರುವುದಿಲ್ಲ, ಹಿಮದ ಮೇಲೆ ಸ್ಕೀ ಜಾರುತ್ತದೆ. ಈ ವ್ಯತ್ಯಾಸ ಉಮ್ಮನಿಗೆ ಅರ್ಥವಾದದ್ದು ಅರ್ಧ ದಾರಿ ಬಂದ ಮೇಲೆ. ವೇಗ ಏರಿತು. ಕೈಯಲ್ಲಿದ್ದ ಕೋಲುಗಳು ಗಾಳಿಯಲ್ಲಿ ತೇಲಿದವು, ಮೈ ಹಿಂದಕ್ಕೆ ವಾಲಿತು. ಅವಳು ಹಿಬಾಳ ಕಡೆ ಬರದೆ ಬದಿಗೆ ತಿರುಗಿ, ಹಗ್ಗ ಕಟ್ಟಿದ ಕಬ್ಬಿಣದ ಕಂಬದ ಕಡೆಗೆ ಹೋಗತೊಡಗಿದಳು. ಅವಳ ಬಾಯಿಂದ ಸದ್ದೇ ಬರಲಿಲ್ಲ. ಕಣ್ಣು ಮಾತ್ರ ಮಗಳನ್ನು ಹುಡುಕುತ್ತಿತ್ತು.

ತಾಯಿ ಕಂಬಕ್ಕೆ ಬಡಿಯುವುದರಲ್ಲಿದ್ದಾಳೆ. ಮಗಳ ಕರುಳಿನಿಂದ 'ಉಮ್ಮಾ' ಎಂದು ಕೂಗು ಹೊರಡಬೇಕಾದ ಹೊತ್ತು ಅದು. ಹೊರಡಲಿಲ್ಲ.

"ಲಿಂಡಾ," ಎಂದು ಕೂಗಿದಳು ಹಿಬಾ. "ಲಿಂಡಾ, ಸಮೋಸ. ಸಮೋಸ ಲಿಂಡಾ."

ಆ ಕೂಗಿಗೆ ಉಮ್ಮನ ಹಿಮ್ಮಡಿಗಳು ತಾವಾಗಿಯೇ ಅಗಲವಾದವು. ಸಂಜೆ ಸಂಜೆಯ ಅಭ್ಯಾಸ ಅದು. ಮುಕ್ಕೋನವಾಯಿತು, ಹಿಮ ಉಜ್ಜಿ ಮೇಲೆದ್ದಿತು, ಕಂಬಕ್ಕೆ ಇನ್ನು ಕೈ ಚಾಚಿದರೆ ಮುಟ್ಟುವಷ್ಟು ದೂರವಿರುವಾಗ ಉಮ್ಮ ನಿಂತಳು. ನೇಪಾಳದ ಯುವಕ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು.

ಕ್ರಿಸ್ಟಾ ಅಲ್ಲೇ ಫಲಿತಾಂಶ ಹೇಳಿದಳು. ಹಿಬಾ ಪಾಸು, ಅದೂ ಮೂವರಲ್ಲಿ ಮೇಲು. "ನೀನು ಗಾಬರಿಯಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಕಿರುಚಿಬಿಡುತ್ತಿದ್ದರು. ನೀನು ಆಕೆಯ ಹೆಸರು ಹಿಡಿದೇ ಕರೆದೆ, ಆಕೆಗೆ ಕೇಳಿಸಿತು. ಮತ್ತೆ ಆ ಸಮೋಸ, ಇಷ್ಟು ಸ್ವಲ್ಪ ಹೊತ್ತಿನಲ್ಲಿ ಆಕೆಯದೇ ಒಂದು ಪದ ಹುಡುಕಿದೆಯಲ್ಲ, ಅದು ದೊಡ್ಡದು," ಎಂದಳು. ಹೊಗಳಿಕೆಯ ಒಂದೊಂದು ಮಾತೂ ಹಿಬಾಳ ಕೆನ್ನೆಗೆ ಬಿದ್ದ ಹಾಗಾಗುತ್ತಿತ್ತು. ಫಾಹಿಮ್ ಪ್ಲಾಸ್ಟಿಕ್ ಕವರು ಹರಿದು ಹೊಸ ಕೆಂಪು ಜಾಕೆಟ್ಟನ್ನು ಅವಳ ಕೈಗಿಟ್ಟ.

ಉಮ್ಮ ಬೂಟು ಬಿಚ್ಚುವ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಹಿಬಾ ದಿನಾ ಬೇರೆಯವರಿಗೆ ಬೂಟು ಕೊಡುವ ಅದೇ ಕೌಂಟರಿನ ಎದುರು. ಬೂಟಿನ ಕೊಂಡಿ ತೆಗೆಯಲು ಬಾರದೆ ಪೇಚಾಡುತ್ತಿದ್ದಳು. ಹಿಬಾ ಮಂಡಿಯೂರಿ ಕೂತು ಕೊಂಡಿ ಬಿಚ್ಚಿದಳು. ಸುತ್ತ ಯಾರೂ ಇರಲಿಲ್ಲ.

"ಪಾಸಾ?" ಎಂದು ಉಮ್ಮ ಪಿಸುದನಿಯಲ್ಲಿ ಕೇಳಿದಳು.

"ಹ್ಞೂಂ." ಆಮೇಲೆ ತಲೆಯೆತ್ತದೆ, "ರೂಲು ಉಂಟು ಉಮ್ಮ," ಎಂದಳು ಹಿಬಾ. "ಸಂಬಂಧದವರು ಅಂತ ಗೊತ್ತಾದ್ರೆ ಪರೀಕ್ಷೆ ಕ್ಯಾನ್ಸಲ್ ಮಾಡ್ತಾರೆ. ಅದಕ್ಕೆ ಹಾಗೆ ಮಾಡಿದ್ದು."

"ಹೌದಾ," ಎಂದಳು ಉಮ್ಮ. "ಹಾಗಾದ್ರೆ ಒಳ್ಳೇದಾಯ್ತು, ನಾನು ಬಾಯಿ ಬಿಡ್ಲಿಲ್ಲ."

ಅಷ್ಟರಲ್ಲಿ ಫಾಹಿಮ್ ಉಮ್ಮನ ಚಪ್ಪಲಿ, ಬುತ್ತಿಯ ಚೀಲ ಹಿಡಿದುಕೊಂಡು ಬಂದ. ಹಿಂದೆಯೇ ಕ್ರಿಸ್ಟಾ, ಲೆಬನಾನಿನ ಹುಡುಗಿ. ಫಾಹಿಮ್ ನಗುನಗುತ್ತಾ ಹಿಂದಿಯಲ್ಲಿ, "ಆಂಟಿ, ನೀವು ಮೇಲೆ ನನ್ನ ಹತ್ರ ಕೇಳಿದ್ರಲ್ಲ, ಮನೆಯವರೇ ಪಾಠಕ್ಕೆ ನಿಂತರೆ ಪರವಾಗಿಲ್ವಾ ಅಂತ. ಏನೂ ತೊಂದರೆ ಇಲ್ಲ, ಮೇಡಂ ಬೆಳಿಗ್ಗೆಯೇ ಹೇಳಿದ್ದಾರೆ, ಮನೆಯವರಾದ್ರೂ ಆಗುತ್ತೆ ಅಂತ ನಾನು ಹೇಳಿದೆ. ಗಡಿಬಿಡಿಯಲ್ಲಿ ಕೇಳೋದೇ ಬಿಟ್ಟೆ. ಇಲ್ಲಿ ನಿಮ್ಮ ಮನೆಯವರು ಯಾರು?" ಎಂದ.

ಹಿಬಾಳ ಕೈ ಬಿಚ್ಚಿದ ಬೂಟಿನ ಮೇಲೆಯೇ ನಿಂತಿತು. ಅಂಥ ನಿಯಮವೇ ಇಲ್ಲವೆಂದು ಉಮ್ಮನಿಗೆ ಮೊದಲೇ ಗೊತ್ತಿತ್ತು. ಕೈ ಚಾಚಿ ಹೆಸರು ಕೇಳಿದಾಗ ಗೊತ್ತಿತ್ತು, ಕಂಬದ ಕಡೆ ಜಾರುವಾಗ ಗೊತ್ತಿತ್ತು, ಈಗ ಸುಳ್ಳು ಕೇಳಿಸಿಕೊಂಡು ಹೌದಾ ಎನ್ನುವಾಗಲೂ ಗೊತ್ತಿತ್ತು.

"ಕೋಯೀ ನಹೀ," ಎಂದಳು ಉಮ್ಮ, ಚಪ್ಪಲಿ ಮೆಟ್ಟುತ್ತಾ. "ಐಸೇ ಹೀ ಪೂಛಾ."

ಯಾರೂ ಇಲ್ಲ, ಸುಮ್ಮನೆ ಕೇಳಿದ್ದು. ಹಿಬಾ ಅದನ್ನು ಕೇಳಿಸಿಕೊಂಡು ಸುಮ್ಮನೆ ಇದ್ದುಬಿಡಬಹುದಿತ್ತು. ಇದ್ದುಬಿಡುವ ಮನಸ್ಸೂ ಒಂದು ಗಳಿಗೆ ಬಂತು. ಅವಳು ಎದ್ದು ನಿಂತಳು. ಕೆಂಪು ಜಾಕೆಟ್ಟು ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು.

"ನನ್ನ ಉಮ್ಮ," ಎಂದಳು. ಆಮೇಲೆ ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ, "ಇವರು ನನ್ನ ತಾಯಿ," ಎಂದಳು.

ಲೆಬನಾನಿನ ಹುಡುಗಿಯ ಮುಖ ಕೆಂಪಾಯಿತು. ಅವಳು ತನ್ನ ಬೂಟು ನೋಡಿಕೊಂಡಳು. ಕ್ರಿಸ್ಟಾ ಅಚ್ಚರಿಯಿಂದ ಇಬ್ಬರನ್ನೂ ನೋಡಿದಳು. "ನಿನ್ನ ತಾಯಿಯಾ? ಹಾಗಾದರೆ ಹೇಳಬಹುದಿತ್ತಲ್ಲ. ಆ ಲಿಂಡಾ ಯಾಕೆ?"

ಉತ್ತರ ಹೇಳಬೇಕಾದವಳು ಹಿಬಾ. ಬರಬೇಕಾದ ಮಾತು ಒಂದೇ ಇತ್ತು, ನನಗೆ ಇವರು ನನ್ನ ತಾಯಿ ಎನ್ನಲು ನಾಚಿಕೆಯಾಯಿತು ಎಂಬುದು. ಅದು ಹೊರಗೆ ಬರುವ ಮೊದಲೇ ಉಮ್ಮ ಮುಂದೆ ಬಂದು, ತನಗೆ ಬರುವ ಮುರುಕು ಇಂಗ್ಲಿಷಿನಲ್ಲಿ, "ಅವರ್ ಪೀಪಲ್," ಎಂದಳು, ಎದೆಯ ಮೇಲೆ ಕೈಯಿಟ್ಟು. "ಚಿಲ್ಡ್ರನ್ ನೋ ಸೇ ಮದರ್ ನೇಮ್. ನಾಟ್ ಗುಡ್. ಸೋ, ಲಿಂಡಾ."

ಕ್ರಿಸ್ಟಾಳ ಮುಖ ಅರಳಿತು. ಎಷ್ಟು ಚಂದದ ಪದ್ಧತಿ ಎಂದಳು. ನಮ್ಮ ಕಡೆಯೂ ಹಾಗೆಯೇ ಎಂದು ಫಾಹಿಮ್ ತಲೆದೂಗಿದ. ಎಲ್ಲರೂ ಹಿಬಾಳನ್ನು ಮೆಚ್ಚುಗೆಯಿಂದ ನೋಡಿದರು, ತಾಯಿಯ ಮೇಲೆ ಎಷ್ಟು ಗೌರವ ಈ ಹುಡುಗಿಗೆ ಎಂಬಂತೆ. ಉಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಹಿಬಾಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನಿಸಿತು. ಅವಳು ನೆಲದ ಮೇಲಿದ್ದ ಜಾಕೆಟ್ಟನ್ನು ಹೆಕ್ಕಿಕೊಂಡಳು.

ಪಾರ್ಕಿಂಗಿಗೆ ಹೋಗುವ ಉದ್ದದ ದಾರಿಯಲ್ಲಿ ಇಬ್ಬರೇ ನಡೆದರು. ಒದ್ದೆಯಾದ ಬುರ್ಖಾದ ಅಂಚು ಉಮ್ಮನ ಕಾಲಿಗೆ ಅಂಟುತ್ತಿತ್ತು. ಬಾಗಿಲು ದಾಟಿ ಸೆಕೆ ಮುಖಕ್ಕೆ ಹೊಡೆದಾಗ ಹಿಬಾ ಬಾಯಿಬಿಟ್ಟಳು.

"ಉಮ್ಮ, ನೀವು ಅವರಿಗೆ ಹೇಳಿದ್ರಲ್ಲ. ಕಾರಣ ಅದಲ್ಲ."

"ಗೊತ್ತುಂಟು."

"ರೂಲೂ ಅಲ್ಲ."

"ಅದೂ ಗೊತ್ತುಂಟು." ಉಮ್ಮ ನಡೆಯುತ್ತಲೇ ಇದ್ದಳು. "ಆ ಹುಡುಗಿ ನಿನ್ನ ಕಿವಿಯಲ್ಲಿ ಎಂತದೋ ಹೇಳಿದ್ಲು. ನೀನು ನಗಾಡಿದಿ. ನಾನು ಕಂಡೆ."

ಹಿಬಾಳಿಗೆ ಅಳು ಬಂತು. ಉಮ್ಮ ತಿರುಗಿ ನೋಡಲಿಲ್ಲ. "ಈಗ ಅಳ್ಬೇಡ. ಉಪ್ಪ ಸೀಬಿಂದ ಬಂದು ಕಾರಲ್ಲಿದ್ದಾರೆ. ಮುಖ ಒರೆಸಿಕೋ," ಎಂದಳು.

ಉಪ್ಪನಿಗೆ ಪಾಸಾದ ಸುದ್ದಿ ಕೇಳಿ ಹಿಡಿಸಲಾರದ ಖುಷಿ. ಕಾರು ಹೊರಡಿಸುತ್ತಲೇ ಕೇಳಿದರು. "ಪಾಠ ಯಾರಿಗೆ ಹೇಳಿದ್ದು ಮೋಳೇ? ಯಾರನ್ನು ಕೊಟ್ರು?"

ಹಿಬಾ ಉಮ್ಮನ ಕಡೆ ನೋಡಿದಳು. ಉಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಈ ಸಲ ಅವಳು ಸಹಾಯಕ್ಕೆ ಬರಲಿಲ್ಲ.

"ಉಮ್ಮನಿಗೆ."

"ಉಮ್ಮನಿಗಾ? ಹಾಗಾದ್ರೆ ಅಲ್ಲಿ ಎಲ್ಲರ ಎದುರು ಹೆಸರೆಂತ ಕರೆದಿ?"

"ಲಿಂಡಾ," ಎಂದಳು ಹಿಬಾ.

ಉಪ್ಪ ಸ್ಟಿಯರಿಂಗಿಗೆ ಹೊಡೆದುಕೊಂಡು ನಕ್ಕರು. ಸಿಗ್ನಲಿನಲ್ಲಿ ನಿಂತಾಗಲೂ ನೆನೆಸಿಕೊಂಡು ನಕ್ಕರು. ಕಾರಿನಲ್ಲಿ ಮೂವರಿದ್ದರೂ ನಗು ಅವರೊಬ್ಬರದೇ ಎಂಬುದು ಅವರಿಗೆ ಹೊಳೆಯಲೇ ಇಲ್ಲ. "ಇನ್ನು ಎರಡನೇ ಹಂತದ ಪರೀಕ್ಷೆ ಉಂಟಲ್ಲ. ಅದಕ್ಕೂ ನಮ್ಮ ಲಿಂಡಾ ರೆಡಿ, ಅಲ್ವಾ?" ಎಂದರು.

"ಇಲ್ಲ," ಎಂದಳು ಉಮ್ಮ. "ಲಿಂಡಾ ಊರಿಗೆ ಹೋದಳು."

ಉಪ್ಪನ ನಗು ಅರ್ಧಕ್ಕೇ ನಿಂತಿತು. ಅವರು ಕನ್ನಡಿಯಲ್ಲಿ ಹಿಂದಿನ ಸೀಟಿನ ಕಡೆ ಇಣುಕಿದರು.

"ಬೇಕಾದ್ರೆ ಝೊಹರಾ ಬರ್ತಾಳೆ," ಎಂದಳು ಉಮ್ಮ, ಕಿಟಕಿಯಿಂದ ಮುಖ ತಿರುಗಿಸದೆ. "ಎಲ್ಲರ ಎದುರು ಅವಳನ್ನು ಕರೀಲಿಕ್ಕೆ ಧೈರ್ಯ ಉಂಟಾ ಅಂತ ಕೇಳಿ, ನಿಮ್ಮ ಮಗಳತ್ರ."

ಉಪ್ಪ ಮತ್ತೆ ರಸ್ತೆಯ ಕಡೆ ತಿರುಗಿದರು. ಬುತ್ತಿಯ ಚೀಲ ತಾಯಿ ಮಗಳ ನಡುವೆ ಸೀಟಿನ ಮೇಲಿತ್ತು. ಹಿಬಾ ಅದನ್ನು ಬಿಚ್ಚಿ, ತಣ್ಣಗಾದ ಪತ್ತಿರಿ ಮುರಿದು ತಿನ್ನತೊಡಗಿದಳು. ಹಮ್ರಿಯಾ ಬರುವವರೆಗೂ ತಿನ್ನುತ್ತಲೇ ಇದ್ದಳು.